ಸುನಾಮದ ಅನಾಥ ಬಾಲಕ: ಹುತಾತ್ಮ ಉಧಮ್ ಸಿಂಗ್

ಕೆಲವು ವರ್ಷಗಳ ಹಿಂದೆ ಬ್ಯಾಂಕಿನ ರಜಾ ಪ್ರವಾಸ ಸೌಲಭ್ಯದಲ್ಲಿ ನಾವು ಸಕುಟುಂಬರಾಗಿ ಅಮೃತಸರಕ್ಕೆ ಹೋಗಿದ್ದೆವು. ಸ್ವರ್ಣ ಮಂದಿರದ ದರ್ಶನ ಮುಗಿಸಿ ಕೆಲವೇ ಹೆಜ್ಜೆ ನಡೆದರೆ ಜಲಿಯನ್‌ವಾಲಾ ಬಾಗ್. ಇಕ್ಕಟ್ಟಾದ ಓಣಿಯನ್ನು ದಾಟಿ ಒಳಹೊಕ್ಕು, ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನೂ ಪ್ರಾಣಭಯದಿಂದ ಜನರು ಧುಮುಕಿದ ಬಾವಿಯನ್ನೂ ನೋಡಿದಾಗ ನಮ್ಮ ಮಾತು ತಾನಾಗಿಯೇ ನಿಂತಿತು. ಆ ನೆಲದೊಂದಿಗೆ ತನ್ನ ಬಾಳನ್ನೇ ಕಟ್ಟಿಕೊಂಡ ಉಧಮ್ ಸಿಂಗ್ ಅವರ ಕಥೆಯನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆಂಬ ಬಯಕೆ ಅಂದಿನಿಂದಲೂ ನಮ್ಮಲ್ಲಿತ್ತು.

1899ರ ಡಿಸೆಂಬರ್ 26ರಂದು ಪಂಜಾಬಿನ ಸುನಾಮದಲ್ಲಿ ಜನಿಸಿದ ಈ ಬಾಲಕನ ಮೊದಲ ಹೆಸರು ಶೇರ್ ಸಿಂಗ್. ತಾಯಿ ಬಹು ಬೇಗ ತೀರಿಕೊಂಡರು. ರೈಲ್ವೆ ಗೇಟಿನ ಕಾವಲುಗಾರರಾಗಿದ್ದ ತಂದೆ ತೆಹಲ್ ಸಿಂಗ್ 1907ರಲ್ಲಿ ಗತಿಸಿದರು. ಅಣ್ಣತಮ್ಮಂದಿರಿಬ್ಬರೂ ಅಮೃತಸರದ ಸೆಂಟ್ರಲ್ ಖಾಲ್ಸಾ ಅನಾಥಾಲಯವನ್ನು ಸೇರಿದರು. ಉಧಮ್ ಸಿಂಗ್ ಎಂಬ ಹೆಸರು ದೊರೆತದ್ದು ಅಲ್ಲಿಯೇ. 1917ರಲ್ಲಿ ಅಣ್ಣನೂ ಇಲ್ಲವಾದನು. ತನ್ನವರೆಂದು ಹೇಳಿಕೊಳ್ಳಲು ಆ ಯುವಕನಿಗೆ ಅನಾಥಾಲಯದ ಹೊರತು ಬೇರೇನೂ ಉಳಿಯಲಿಲ್ಲ.

1919ರ ಏಪ್ರಿಲ್ 13 ಬೈಸಾಖಿ ಹಬ್ಬದ ದಿನ. ರೌಲಟ್ ಕಾಯಿದೆಯ ವಿರುದ್ಧ ದನಿಯೆತ್ತಿದ ಡಾ. ಸತ್ಯಪಾಲ್ ಮತ್ತು ಡಾ. ಕಿಚ್ಲೂ ಅವರನ್ನು ಬಂಧಿಸಿದ್ದುದರಿಂದ ನಗರ ಕುದಿಯುತ್ತಿತ್ತು. ಬಾಗ್‌ನಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಬ್ರಿಗೇಡಿಯರ್ ಜನರಲ್ ಡಯರ್ 50 ಮಂದಿ ಸೈನಿಕರಿಂದ ಗುಂಡು ಹಾರಿಸಿದನು. ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಸುಮಾರು ಹತ್ತು ನಿಮಿಷಗಳಲ್ಲಿ 1650 ಗುಂಡುಗಳು ಹಾರಿದವು. ಸರಕಾರದ ಲೆಕ್ಕದಲ್ಲಿ ಸತ್ತವರು 379, ಕಾಂಗ್ರೆಸ್ಸಿನ ಅಂದಾಜಿನಲ್ಲಿ ಸುಮಾರು ಸಾವಿರ. ಕರ್ಫ್ಯೂ ಇದ್ದುದರಿಂದ ಗಾಯಾಳುಗಳು ರಾತ್ರಿಯಿಡೀ ಅಲ್ಲಿಯೇ ನರಳಿದರು. ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸರ್ ಮೈಕೆಲ್ ಓಡ್ವಯರ್ ಈ ಕೃತ್ಯಕ್ಕೆ ಸಮ್ಮತಿಯ ಮುದ್ರೆಯೊತ್ತಿದನು. ಮುಂದೆ ಇಂಗ್ಲೆಂಡಿನ ಒಂದು ಪತ್ರಿಕೆ ಡಯರ್‌ಗಾಗಿ ನಿಧಿ ಎತ್ತಿದಾಗ 26 ಸಾವಿರ ಪೌಂಡುಗಳಿಗೂ ಮಿಕ್ಕಿ ಹಣ ಸೇರಿತು. ಲೆಕ್ಕದ ಪುಸ್ತಕಗಳ ನಡುವೆಯೇ ಬಾಳು ಸವೆಸಿದ ನಮಗೆ ಈ ಮೊತ್ತವನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ.

ಆ ಸಂಜೆ ಉಧಮ್ ಸಿಂಗ್ ಬಾಗ್‌ನಲ್ಲಿ ಜನರಿಗೆ ನೀರು ಕೊಡುತ್ತಿದ್ದರೆಂದೂ, ರಕ್ತಸಿಕ್ತ ಮಣ್ಣನ್ನು ಕೈಯಲ್ಲಿ ಹಿಡಿದು ಪ್ರತಿಜ್ಞೆ ಮಾಡಿದರೆಂದೂ ಜನಜನಿತವಾದ ಕಥೆಯಿದೆ. ಇದಕ್ಕೆ ದಾಖಲೆಯ ಬೆಂಬಲವಿಲ್ಲವೆಂಬುದು ಕೆಲವು ಸಂಶೋಧಕರ ಮತ. ಅವರು ಅಲ್ಲಿ ಇದ್ದಿರಲಿ, ಇಲ್ಲದಿರಲಿ, ಸತ್ತವರನ್ನು ಅವರು ಮರೆಯಲಿಲ್ಲ ಎಂಬುದಕ್ಕೆ ಮುಂದಿನ 21 ವರ್ಷಗಳೇ ಸಾಕ್ಷಿ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕಕ್ಕೆ ಹೋದ ಅವರು ಗದರ್ ಪಕ್ಷದ ಸಂಪರ್ಕಕ್ಕೆ ಬಂದರು. 1927ರಲ್ಲಿ ತಾಯ್ನಾಡಿಗೆ ಮರಳಿದಾಗ ಪರವಾನಗಿಯಿಲ್ಲದ ಆಯುಧಗಳೊಂದಿಗೆ ಸಿಕ್ಕಿಬಿದ್ದು ಐದು ವರ್ಷಗಳ ಶಿಕ್ಷೆಗೆ ಗುರಿಯಾದರು. ಅದೇ ವರ್ಷ ಡಯರ್ ಇಂಗ್ಲೆಂಡಿನಲ್ಲಿ ಕಾಯಿಲೆಯಿಂದ ಸತ್ತನು. ತಾವು ಆರಾಧಿಸುತ್ತಿದ್ದ ಭಗತ್ ಸಿಂಗ್ ಗಲ್ಲಿಗೇರಿದ 1931ರಲ್ಲಿ ಉಧಮ್ ಸಿಂಗ್ ಬಿಡುಗಡೆ ಹೊಂದಿದರು. ಪೊಲೀಸರ ಕಣ್ತಪ್ಪಿಸಿ ಯುರೋಪಿನ ಮಾರ್ಗವಾಗಿ 1934ರ ವೇಳೆಗೆ ಲಂಡನ್ ಸೇರಿದರು.

ಅಲ್ಲಿ ಹೊಟ್ಟೆಪಾಡಿಗಾಗಿ ಅವರು ಮಾಡದ ಕೆಲಸವಿಲ್ಲ. ಕನ್ನಡಿಗರಿಗೆ ಕುತೂಹಲದ ಒಂದು ಸಂಗತಿ ಇಲ್ಲಿದೆ. ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು ನಾಯಕನಾಗಿ ನಟಿಸಿದ, 1937ರ ‘ಎಲಿಫೆಂಟ್ ಬಾಯ್’ ಚಿತ್ರದ ಗುಂಪಿನ ದೃಶ್ಯಗಳಲ್ಲಿ ಉಧಮ್ ಸಿಂಗ್ ಕಾಣಿಸಿಕೊಂಡಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಒಂದು ಸಭೆ ನಡೆಯಿತು. ಸಭೆ ಮುಗಿದು ಜನರು ಏಳುತ್ತಿದ್ದಂತೆ ಉಧಮ್ ಸಿಂಗ್ ಆರು ಗುಂಡುಗಳನ್ನು ಹಾರಿಸಿದರು. ಓಡ್ವಯರ್ ಸ್ಥಳದಲ್ಲಿಯೇ ಅಸುನೀಗಿದನು. ಭಾರತ ಮಂತ್ರಿ ಲಾರ್ಡ್ ಜೆಟ್‌ಲಂಡ್ ಸೇರಿದಂತೆ ಮೂವರಿಗೆ ಗಾಯಗಳಾದವು. ಸೆರೆಯಾದ ಉಧಮ್ ಸಿಂಗ್ ಪೊಲೀಸರಿಗೆ ಕೊಟ್ಟ ಹೆಸರು ಮೊಹಮ್ಮದ್ ಸಿಂಗ್ ಆಜಾದ್. ಹಿಂದೂ, ಮುಸ್ಲಿಂ, ಸಿಖ್ಖರ ರಕ್ತ ಒಂದಾಗಿ ಹರಿದ ಆ ಬಾಗ್‌ನ ಪರವಾಗಿ ನಿಲ್ಲಲು ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುತ್ತಿರಲಿಲ್ಲವೇನೋ.

ಸೆರೆಮನೆಯಲ್ಲಿ 42 ದಿನ ಉಪವಾಸ ಮಾಡಿದ ಅವರಿಗೆ ಬಲವಂತವಾಗಿ ಆಹಾರ ತುಂಬಿದರು. ಜೂನ್ ತಿಂಗಳಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ವಿ. ಕೆ. ಕೃಷ್ಣ ಮೆನನ್ ಅವರ ಪರ ವಕೀಲರಲ್ಲಿ ಒಬ್ಬರಾಗಿದ್ದರು. ನ್ಯಾಯಾಲಯದಲ್ಲಿ ಅವರು ನೀಡಿದ ಹೇಳಿಕೆ ಹೊರಬೀಳದಂತೆ ತಡೆಹಿಡಿಯಲಾಯಿತು. ಅದು ಸಾರ್ವಜನಿಕರ ಕೈಸೇರಿದ್ದು 1996ರಲ್ಲಿ. 1940ರ ಜುಲೈ 31ರಂದು ಪೆಂಟನ್‌ವಿಲ್ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಿ ಅಲ್ಲಿಯೇ ಹೂಳಲಾಯಿತು.

ಅಂದು ಗಾಂಧೀಜಿ ಮತ್ತು ನೆಹರೂ ಇಬ್ಬರೂ ಈ ಕೃತ್ಯವನ್ನು ಒಪ್ಪಲಿಲ್ಲ. ಮುಂದೆ ನೆಹರೂ ತಮ್ಮ ನಿಲುವನ್ನು ಬದಲಿಸಿ ಅವರಿಗೆ ಗೌರವ ಸಲ್ಲಿಸಿದರು. ಅಹಿಂಸೆಯ ಪಾಠವನ್ನು ಕೇಳಿ ಬೆಳೆದ ನಮ್ಮ ಪೀಳಿಗೆಗೂ ಇಲ್ಲೊಂದು ತೊಳಲಾಟ ಇದ್ದೇ ಇದೆ. ಕೊಲೆಯನ್ನು ಮೆಚ್ಚಲು ನಮ್ಮಿಂದಾಗದು. ಆದರೆ ನ್ಯಾಯಾಸನದ ಮುಂದೆ ಓಡ್ವಯರ್ ಎಂದೂ ಆರೋಪಿಯಾಗಿ ನಿಲ್ಲಲಿಲ್ಲ. ಬದಲಿಗೆ, ತನ್ನನ್ನು ಟೀಕಿಸಿದ ಸರ್ ಸಿ. ಶಂಕರನ್ ನಾಯರ್ ಅವರ ಮೇಲೆ ಮಾನನಷ್ಟದ ದಾವೆ ಹೂಡಿ 1924ರಲ್ಲಿ ಗೆದ್ದು 500 ಪೌಂಡುಗಳ ಪರಿಹಾರ ಪಡೆದನು. ಅದನ್ನೂ ನಾವು ಮರೆಯಲಾರೆವು.

ಉಧಮ್ ಸಿಂಗ್ ಅವರ ಅವಶೇಷಗಳು ಸ್ವದೇಶಕ್ಕೆ ಬರಲು 34 ವರ್ಷಗಳು ಹಿಡಿದವು. 1974ರ ಜುಲೈನಲ್ಲಿ ಅವುಗಳನ್ನು ತರಿಸಿಕೊಂಡು ಹುಟ್ಟೂರಾದ ಸುನಾಮದಲ್ಲಿ ಅಂತ್ಯಸಂಸ್ಕಾರ ನಡೆಸಲಾಯಿತು. ಚಿತಾಭಸ್ಮದ ಒಂದು ಪಾತ್ರೆಯನ್ನು ಮೊಹರು ಮಾಡಿ ಜಲಿಯನ್‌ವಾಲಾ ಬಾಗ್‌ನಲ್ಲಿ ಇರಿಸಿದ್ದಾರೆ.