ಹೃದಯದ ರೇಖೆ

ನಮ್ಮ ಎದೆಯೊಳಗೆ ಹಗಲಿರುಳೂ ಮಿಡಿಯುವ ಹೃದಯವು ಪ್ರತಿಯೊಂದು ಮಿಡಿತದಲ್ಲಿಯೂ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಉಂಟುಮಾಡುತ್ತದೆ. ಈ ಸಂಗತಿ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ತಿಳಿದಿತ್ತು. ಆದರೆ ಅದನ್ನು ತಪ್ಪಿಲ್ಲದೆ ಬರೆದಿಡುವ ಬಗೆ ತಿಳಿದಿರಲಿಲ್ಲ. ಅದನ್ನು ಸಾಧಿಸಿದವರು ಹಾಲೆಂಡ್ ದೇಶದ ವಿಲ್ಲೆಂ ಐಂತೋವನ್.

ಅವರು 1860ರ ಮೇ 21ರಂದು ಜಾವಾ ದ್ವೀಪದ ಸೆಮರಾಂಗ್ ಪಟ್ಟಣದಲ್ಲಿ ಜನಿಸಿದರು. ಆಗ ಜಾವಾ ಡಚ್ಚರ ಆಳ್ವಿಕೆಗೆ ಒಳಪಟ್ಟಿತ್ತು. ವೈದ್ಯರಾಗಿದ್ದ ತಂದೆ ಮಗನ ಎಳೆತನದಲ್ಲಿಯೇ ತೀರಿಕೊಂಡರು. ತಾಯಿ ಎದೆಗುಂದಲಿಲ್ಲ, ಆರು ಮಂದಿ ಮಕ್ಕಳನ್ನು ಕರೆದುಕೊಂಡು ಹಾಲೆಂಡಿಗೆ ಮರಳಿ, ಉಟ್ರೆಕ್ಟ್ ನಗರದಲ್ಲಿ ನೆಲೆಸಿದರು. ತಂದೆಯ ದಾರಿಯನ್ನೇ ಹಿಡಿಯಬೇಕೆಂದು ವಿಲ್ಲೆಂ ಆ ನಗರದ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆದರೆ ಅವರ ಪಾಲಿಗೆ ಬಂದುದು ಅಧ್ಯಾಪನ. ಇಪ್ಪತ್ತೈದರ ಹರೆಯದಲ್ಲಿಯೇ ಲೈಡನ್ ವಿಶ್ವವಿದ್ಯಾಲಯವು ಅವರನ್ನು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಆರಿಸಿತು.

1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಎಂಬ ವಿಜ್ಞಾನಿ ಮಾನವ ಹೃದಯದ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದ್ದರು. ಅವರು ಬಳಸಿದ ಉಪಕರಣದಲ್ಲಿ ಕೂದಲೆಳೆಯಂತಹ ಗಾಜಿನ ನಳಿಗೆಯೊಳಗೆ ಪಾದರಸವು ಏರಿಳಿಯುತ್ತಿತ್ತು. ಪಾದರಸವೋ ಜಡ. ಅದು ಅಲುಗಾಡುವಷ್ಟರಲ್ಲಿ ಹೃದಯದ ಸುದ್ದಿ ಮುಗಿದೇಹೋಗುತ್ತಿತ್ತು. ಐಂತೋವನ್ನರು ಈ ಜಡತೆಯನ್ನು ಗಣಿತದಿಂದ ತಿದ್ದಲು ತೊಡಗಿದರು. ಮಸುಕಾದ ಗೆರೆಯನ್ನು ಅಳೆದು, ಲೆಕ್ಕ ಹಾಕಿ, ಅದರ ನಿಜವಾದ ಆಕಾರ ಹೇಗಿರಬೇಕೆಂದು ನಿರ್ಧರಿಸಿದರು. 1895ರಲ್ಲಿ ಅದರ ಐದು ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಆದರೆ ಲೆಕ್ಕದಲ್ಲಿ ಕಂಡ ಆಕಾರವನ್ನು ಕಣ್ಣಿನಿಂದ ಯಾರೂ ಕಂಡಿರಲಿಲ್ಲ. ಲೆಕ್ಕ ತಪ್ಪಾಗಿದ್ದರೆ ವರ್ಷಗಳ ದುಡಿಮೆಯೆಲ್ಲ ವ್ಯರ್ಥ.

1901ರಲ್ಲಿ ಅವರು ಹೊಸ ಉಪಕರಣವೊಂದನ್ನು ಪ್ರಕಟಿಸಿದರು. ಅದೇ ತಂತಿ ಗ್ಯಾಲ್ವನೋಮೀಟರ್. ಕರಗಿದ ಸ್ಫಟಿಕಶಿಲೆಯನ್ನು ಬಾಣಕ್ಕೆ ಅಂಟಿಸಿ ಎಸೆದರೆ ಅತಿ ತೆಳುವಾದ ಎಳೆಯೊಂದು ಹಿಂದೆ ಉಳಿಯುತ್ತದೆ. ಆ ಎಳೆಗೆ ಬೆಳ್ಳಿಯ ಲೇಪವನ್ನು ಕೊಟ್ಟು, ಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ಬಿಗಿದರು. ಹೃದಯದ ವಿದ್ಯುತ್ತು ಹರಿದಂತೆ ಎಳೆ ಕಂಪಿಸಿತು. ಅದರ ನೆರಳು ಚಲಿಸುವ ಛಾಯಾಫಲಕದ ಮೇಲೆ ಮೂಡಿತು. ಆ ರೇಖೆಯು ಹಿಂದೆ ಲೆಕ್ಕದಿಂದ ಪಡೆದ ರೇಖೆಯನ್ನೇ ಹೋಲಿತು! ವಿಜ್ಞಾನಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇರೊಂದಿರಲಾರದು.

ಈ ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ. ಅದನ್ನು ನಡೆಸಲು ಐದು ಮಂದಿ ಬೇಕಾಗಿತ್ತು. ಕಾಂತವು ಕಾಯದಂತೆ ನೀರು ಹಾಯಿಸಬೇಕಿತ್ತು. ಪರೀಕ್ಷೆಗೆ ಬಂದವರು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತುಕೊಳ್ಳುತ್ತಿದ್ದರು. ಆಸ್ಪತ್ರೆಯೋ ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು. ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವಂತಿಲ್ಲ. ನರಳುವ ರೋಗಿಯನ್ನು ಯಂತ್ರದ ಬಳಿಗೆ ತರುವಂತೆಯೂ ಇಲ್ಲ. 1905ರಲ್ಲಿ ಐಂತೋವನ್ನರು ಎರಡೂ ಕಡೆಗಳನ್ನು ದೂರವಾಣಿಯ ತಂತಿಯಿಂದ ಜೋಡಿಸಿದರು. ರೋಗಿಯು ಆಸ್ಪತ್ರೆಯಲ್ಲಿಯೇ ಇದ್ದನು. ಅವನ ಹೃದಯದ ರೇಖೆ ಪ್ರಯೋಗಶಾಲೆಯಲ್ಲಿ ಮೂಡಿತು.

ಪಿ ಅಲೆಯು ಹೃದಯದ ಮೇಲಿನ ಕೋಣೆಗಳಲ್ಲಿ, ಕ್ಯೂ, ಆರ್, ಎಸ್ ಅಲೆಗಳು ಕೆಳಗಿನ ಕೋಣೆಗಳಲ್ಲಿ ವಿದ್ಯುತ್ತು ಹರಡುವುದನ್ನು ತೋರಿಸುತ್ತವೆ. ಕೆಳಗಿನ ಕೋಣೆಗಳು ಮುಂದಿನ ಮಿಡಿತಕ್ಕೆ ಚೇತರಿಸಿಕೊಳ್ಳುವುದನ್ನು ಟಿ ಅಲೆ ತಿಳಿಸುತ್ತದೆ. ಹೃದಯದ ಸ್ನಾಯು ಅತಿಯಾಗಿ ದಪ್ಪಗಾಗುವ ರೋಗವೊಂದುಂಟು. ಅದರಲ್ಲಿ ಕೆಳಗಿನ ಕೋಣೆಗಳ ನಡುಗೋಡೆಯು ಉಬ್ಬಿ ರಕ್ತದ ದಾರಿಯನ್ನು ತಡೆದರೆ, ಶಸ್ತ್ರವೈದ್ಯರು ಆ ಉಬ್ಬನ್ನು ಕೆತ್ತಿ ತೆಗೆಯುತ್ತಾರೆ. ವಿದ್ಯುತ್ತನ್ನು ಒಯ್ಯುವ ಎಡಗವಲು ಆ ಗೋಡೆಯ ಮೇಲೆಯೇ ಹಾಯುವುದರಿಂದ ಅದು ಅನೇಕ ವೇಳೆ ತುಂಡಾಗುತ್ತದೆ. ಆಗ ವಿದ್ಯುತ್ತು ಬಳಸುದಾರಿಯಲ್ಲಿ ನಿಧಾನವಾಗಿ ಸಾಗುತ್ತದೆ, ನಡುವಿನ ಅಲೆಗಳು ಅಗಲವಾಗುತ್ತವೆ. ವೈದ್ಯರು ಇದನ್ನು ಇಂದಿಗೂ ಅರಿಯುವುದು ಐಂತೋವನ್ನರು ಹೆಸರಿಟ್ಟ ಆ ಅಲೆಗಳಿಂದಲೇ.

1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ತಮ್ಮ ಉಪಕರಣವನ್ನು ರೋಗಿಗಳ ಸೇವೆಗೆ ತಂದ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಅವರ ಪಾತ್ರವನ್ನು ನೊಬೆಲ್ ಉಪನ್ಯಾಸದಲ್ಲಿ ಅವರು ಮನಸಾರೆ ಸ್ಮರಿಸಿದರು. 1927ರ ಸೆಪ್ಟೆಂಬರ್ 29ರಂದು ಲೈಡನ್ನಿನಲ್ಲಿ ಐಂತೋವನ್ನರು ನಿಧನ ಹೊಂದಿದರು.