ಬಾದಾಮಿಯ ಶಿಲೆಗಳನ್ನು ಮರೆಯದ ಫ್ಲೀಟ್ ಸಾಹೇಬರು

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವವರೂ, ಇಳಕಲ್ಲು ಹುನಗುಂದಗಳಿಂದ ಐಹೊಳೆಗೆ ಬರುವವರೂ ಅಲ್ಲಿಯ ಗುಡಿಗಳಲ್ಲಿ, ಬಂಡೆಗಳ ಮೇಲೆ, ಹಳೆಯ ಲಿಪಿಯ ಸಾಲುಗಳನ್ನು ಕಂಡೇ ಇರುವರು. ಆ ಸಾಲುಗಳನ್ನು ಓದಿ, ಅರ್ಥಮಾಡಿ, ಅಚ್ಚು ಹಾಕಿಸಿ, ಲೋಕಕ್ಕೆ ತಿಳಿಯಪಡಿಸಿದವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಎಂಬವರು ಅಗ್ರಗಣ್ಯರು. ಶಾಸನಗಳ ಹುದ್ದೆಯು ಕೈಬಿಟ್ಟ ಮೇಲೂ, ಕಡೆಗೆ ಈ ನಾಡನ್ನೇ ಬಿಟ್ಟು ಹೋದ ಮೇಲೂ, ಅವರು ಆ ವ್ಯಾಸಂಗವನ್ನು ಹೇಗೆ ಉಳಿಸಿಕೊಂಡರೆಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಫ್ಲೀಟರು 1847ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಸಿವಿಲ್ ಸರ್ವಿಸಿಗೆ ಆಯ್ಕೆಯಾದ ತರುವಾಯ ಲಂಡನ್ನಿನಲ್ಲಿ ಗೋಲ್ಡ್‌ಸ್ಟ್ಯೂಕರ್ ಪಂಡಿತರ ಬಳಿ ಸಂಸ್ಕೃತವನ್ನು ಕಲಿತು, 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದರು. ಅಸಿಸ್ಟಂಟ್ ಕಲೆಕ್ಟರರಾಗಿ ಕೆಲಸ ಮಾಡಿದರು; 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರರಾದರು. ಹೀಗೆ ಅವರಿಗೆ ಕನ್ನಡ ಜಿಲ್ಲೆಗಳ ಪರಿಚಯವಾಯಿತು. ಹಳಗನ್ನಡವು ಅವರಿಗೆ ವಶವಾಯಿತು.

ಐಹೊಳೆಯ ಮೇಗುತಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ಶಾಸನವೊಂದಿದೆ. ಶಕವರ್ಷ 556, ಎಂದರೆ ಕ್ರಿಸ್ತಶಕ 634ರ ಸುಮಾರಿಗೆ, ರವಿಕೀರ್ತಿ ಕವಿಯು ಅದನ್ನು ರಚಿಸಿದನು. ಅದರಲ್ಲಿ ಕಾಳಿದಾಸ ಭಾರವಿಗಳ ಹೆಸರು ಬಂದಿರುವುದರಿಂದ ಆ ಮಹಾಕವಿಗಳು ಅದಕ್ಕಿಂತ ಮೊದಲಿನವರೆಂಬುದಕ್ಕೆ ಆಧಾರ ಸಿಕ್ಕಿತು. ಫ್ಲೀಟರು ಈ ಶಾಸನವನ್ನು 1876ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1879ರಲ್ಲಿ ಪುನಃ ಪರಿಶೀಲಿಸಿ ಇನ್ನೊಮ್ಮೆ ಪ್ರಕಟಿಸಿದರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು 1881ರಲ್ಲಿ ಹೊರತಂದರು. 1882ರಲ್ಲಿ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು ಬರೆದರು.

1883ರಲ್ಲಿ ಸರಕಾರದವರು ಅವರನ್ನು ಶಾಸನತಜ್ಞರ ಹುದ್ದೆಗೆ ನೇಮಿಸಿದರು. ಮನಸ್ಸಿಗೆ ಒಪ್ಪಿದ ಕೆಲಸವೇ ಉದ್ಯೋಗವಾಗುವ ಭಾಗ್ಯವು ಎಷ್ಟು ಜನರಿಗುಂಟು? ಆದರೆ ಅದು ಬಹುಕಾಲ ನಿಲ್ಲಲಿಲ್ಲ. 1886ರಲ್ಲಿ ಆ ಹುದ್ದೆಯು ಮುಗಿದು, ಅವರು ತಿರುಗಿ ಆಡಳಿತದ ಕೆಲಸಕ್ಕೆ ಸೇರಬೇಕಾಯಿತು. ಕಲೆಕ್ಟರಿಕೆ, ಕಮಿಷನರಿಕೆ, 1893ರಲ್ಲಿ ಸುಂಕದ ಇಲಾಖೆಯ ಕಮಿಷನರ್ ಪದವಿ, ಹೀಗೆ ಒಂದರ ಮೇಲೊಂದು ಭಾರವು ಬಂದಿತು. ಸಂಬಳವಿದ್ದಾಗ ಮಾಡಿದ ಕೆಲಸವನ್ನು ಸಂಬಳ ನಿಂತೊಡನೆ ಬಿಟ್ಟಿದ್ದರೆ ಅವರನ್ನು ದೂಷಿಸುವವರು ಯಾರೂ ಇರಲಿಲ್ಲ.

ಅವರು ಬಿಡಲಿಲ್ಲ. ಗುಪ್ತರಾಜರ ಶಾಸನಗಳ ದೊಡ್ಡ ಸಂಪುಟವು ಹುದ್ದೆ ಮುಗಿದ ಎರಡು ವರ್ಷಗಳ ಮೇಲೆ, 1888ರಲ್ಲಿ, ಹೊರಬಂದಿತು. ಬಾದಾಮಿಯ ಸಮೀಪದ ಮಹಾಕೂಟದ ಸ್ತಂಭಶಾಸನವು 1890ರಲ್ಲಿ ಪ್ರಕಟವಾಯಿತು. ಸುಂಕದ ಲೆಕ್ಕಪತ್ರಗಳ ನಡುವೆ ಪಟ್ಟದಕಲ್ಲಿನ ಸ್ತಂಭಶಾಸನವನ್ನು ಸಂಪಾದಿಸಿದರು. 1882ರ ತಮ್ಮ ಗ್ರಂಥವನ್ನೇ ಮತ್ತೆ ತಿದ್ದಿ, ಬಹಳವಾಗಿ ವಿಸ್ತರಿಸಿ, 1896ರಲ್ಲಿ ಮುಂಬಯಿ ಗೆಜೆಟಿಯರಿನಲ್ಲಿ ಕೊಟ್ಟರು. ತಾನು ಬರೆದುದನ್ನು ತಾನೇ ತಿದ್ದುವುದು ವಿದ್ಯೆಯ ಮೇಲಿನ ನಿಜವಾದ ಪ್ರೀತಿಗೆ ಗುರುತಲ್ಲವೇ?

ಕಲ್ಲಿನ ಮಾತಿನಂತೆ ಜನರ ಬಾಯಿಮಾತನ್ನೂ ಅವರು ಆದರಿಸಿದರು. 1885ರಿಂದೀಚೆಗೆ ಅವರು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ, ಮುಧೋಳ ಸೀಮೆಯ ಹಲಗಲಿಯ ಬೇಡರದೂ ಇವೆ. 1857ರಲ್ಲಿ ಆ ಬೇಡರು ಎದುರಿಸಿ ನಿಂತದ್ದು ಫ್ಲೀಟರ ಸರಕಾರವನ್ನೇ. ಆದರೂ ಆ ಹಾಡು ಅಳಿಯದೆ ಉಳಿದುದರಲ್ಲಿ ಆ ಸರಕಾರದ ಅಧಿಕಾರಿಯ ಕೈಯೂ ಇದೆ.

1897ರಲ್ಲಿ ಫ್ಲೀಟರು ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದರು. ಬಾದಾಮಿಯ ಬಂಡೆಗಳು ಸಾವಿರಾರು ಮೈಲು ದೂರವಾದವು. ಕಾಗದದ ಮೇಲೆ ಮಸಿಯಿಂದ ತೆಗೆದ ಶಾಸನಗಳ ಪಡಿಯಚ್ಚುಗಳು ಮಾತ್ರ ಅವರ ಸಂಗಡ ಇದ್ದವು. ಅವುಗಳನ್ನು ಮುಂದಿಟ್ಟುಕೊಂಡು ಅಬ್ಬಲೂರಿನ ಶಾಸನಗಳನ್ನೂ, ಮಳಖೇಡದ ರಾಷ್ಟ್ರಕೂಟರ ಶಾಸನಗಳನ್ನೂ ಕುರಿತು ಬರೆದರು. 1906ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಗಳಾದರು. ಮೈಸೂರಿನ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಇಂಗ್ಲಿಷಿಗೆ ಅನುವಾದಿಸಿ 1915ರಲ್ಲಿ ಪ್ರಕಟಿಸಿದಾಗ ಅದಕ್ಕೆ ಮುನ್ನುಡಿಯನ್ನು ಬರೆದವರು ಫ್ಲೀಟರೇ. 1917ರ ಫೆಬ್ರವರಿಯಲ್ಲಿ ಅವರು ಕಾಲವಾದರು. ಅವರ ಪಡಿಯಚ್ಚುಗಳು ಬ್ರಿಟಿಷ್ ಮ್ಯೂಸಿಯಮನ್ನು ಸೇರಿದವು. ಬಾರ್ನೆಟ್ ಎಂಬ ವಿದ್ವಾಂಸರು ಅವುಗಳಿಂದ ಅನೇಕ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದರು.

ಶಾಲೆಯನ್ನು ಬಿಟ್ಟು ಸಂಸಾರಕ್ಕೂ ಉದ್ಯೋಗಕ್ಕೂ ಸೇರಿದ ನಮ್ಮ ಸೋದರಿಯರಲ್ಲಿ ಹಿಂದೆ ಚಿತ್ರ ಬರೆದವರಿದ್ದಾರೆ, ಹಾಡಿದವರಿದ್ದಾರೆ, ಗಣಿತದಲ್ಲಿ ಮುಂದಿದ್ದವರಿದ್ದಾರೆ. ಇನ್ನು ಅದೆಲ್ಲ ನಮಗೇಕೆ ಎಂದು ಪುಸ್ತಕವನ್ನು ಕಟ್ಟಿಟ್ಟವರು ಒಮ್ಮೆ ಅದರ ಗಂಟನ್ನು ಬಿಚ್ಚಿ ನೋಡಲಿ. ಫ್ಲೀಟರಿಗೆ ಶಾಸನದ ಹುದ್ದೆಯು ಇದ್ದದ್ದು ಸುಮಾರು ಮೂರು ವರ್ಷ. ಶಾಸನದ ಕೆಲಸವು ನಡೆದದ್ದು ನಾಲ್ವತ್ತು ವರ್ಷ. ಹೆಣ್ಣುಮಕ್ಕಳನ್ನು ಓದಿಸುತ್ತಿರುವ ತಾಯಿತಂದೆಗಳೂ ಈ ಲೆಕ್ಕವನ್ನು ನೆನಪಿನಲ್ಲಿಡಬೇಕೆಂದು ನಮ್ಮ ಬಿನ್ನಹ.