ಸಂಖ್ಯೆಯಲ್ಲಿ ಮಾಲೆ ಕಟ್ಟಿದ ಮಹಾವೀರಾಚಾರ್ಯ

ಹಡಗಲಿ ಮಲ್ಲಿಗೆ ಮಾಲೆಯನ್ನ ಯಾವ ತುದಿಯಿಂದ ಹಿಡಿದರೂ ಒಂದೇ. ಸಂಖ್ಯೆಗಳಲ್ಲೂ ಇಂಥ ಮಾಲೆಗಳಿವೆ. 12345654321 ನೋಡಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಬದಲಾಗಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಇದನ್ನ ಪುಸ್ತಕದಲ್ಲಿ ಬರೆದಿಟ್ಟವರು ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯ.

ಅವರಿದ್ದದ್ದು ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆಗಿನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಮಹಾವೀರರು ಜೈನರು. ಕೋಗಳಿಯ ಹಳೇ ಬಸದಿ ನೋಡಿದವರಿಗೆ ಈ ಸೀಮೆಗೂ ಆ ಧರ್ಮಕ್ಕೂ ಇದ್ದ ನಂಟು ಗೊತ್ತು. ತಮ್ಮ ತಂದೆ ತಾಯಿ ಯಾರು, ಹುಟ್ಟಿದ ಊರು ಯಾವುದು ಅಂತ ಅವರು ಎಲ್ಲೂ ಬರೆದಿಲ್ಲ. ರಾಜನನ್ನ ಹೊಗಳಿದ ಪದ್ಯಗಳಿಂದಲೇ ಅವರ ಕಾಲ ತಿಳಿಯೋದು. ಅದೇ ರಾಜನ ಆಸ್ಥಾನದ ಕವಿರಾಜಮಾರ್ಗದ ಹೆಸರು ಶಾಲೆ ಮಕ್ಕಳಿಗೂ ಬಾಯಿಪಾಠ. ಇವರ ಗಣಿತಸಾರಸಂಗ್ರಹದ ಹೆಸರು ಕೇಳಿದವರು ಮಾತ್ರ ಕಡಿಮೆ.

ಪುಸ್ತಕ ಸಂಸ್ಕೃತದ್ದು, 9 ಅಧ್ಯಾಯ. ಅವರಿಗಿಂತ ಮುಂಚಿನ ಆರ್ಯಭಟ, ಬ್ರಹ್ಮಗುಪ್ತರು ಜ್ಯೋತಿಷ ಗ್ರಂಥದೊಳಗೆ ಒಂದು ಭಾಗವಾಗಿ ಗಣಿತ ಹೇಳಿದ್ದರು. ಇವರದ್ದು ಬರೀ ಗಣಿತ. ಅದೂ ಅಂಗಡಿ, ಹೊಲದ ಲೆಕ್ಕವೇ ಜಾಸ್ತಿ: ಸಾಲದ ಬಡ್ಡಿ, ಬೇರೆ ಬೇರೆ ಬಣ್ಣದ ಚಿನ್ನ ಕರಗಿಸಿದ್ರೆ ಬರೋ ಬೆಲೆ, ಪಾಲುದಾರರ ಲಾಭ, ಗುಂಡಿ ತೋಡಿದ ಅಳತೆ.

ಭಾಗಾಕಾರ ಕಲಿಸುವಾಗ ಒಂದು ಲೆಕ್ಕ ಕೊಡ್ತಾರೆ. ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆಯಷ್ಟು ಹೊನ್ನು ಇದೆ, 441 ಜನಕ್ಕೆ ಹಂಚಬೇಕು, ತಲೆಗೆಷ್ಟು? 441 ಅಂತ ನೇರ ಹೇಳಲ್ಲ. ಚಂದ್ರ ಅಂದ್ರೆ 1, ಕಡಲು ಅಂದ್ರೆ 4, ಹೀಗೆ ಹೆಸರುಗಳಲ್ಲೇ ಅಂಕಿ ಹೇಳೋದು ಆಗಿನ ರೂಢಿ, ಅದನ್ನೂ ಬಿಡಿ ಸ್ಥಾನದಿಂದ ಶುರು ಮಾಡಿ.

ಗಲ್ಲಾಪೆಟ್ಟಿಗೆ ಪಕ್ಕದ 12 ಅಂಕಿಯ ಕ್ಯಾಲ್ಕುಲೇಟರ್ ಸಾಕು, ಒತ್ತಿ ನೋಡಬಹುದು. ಉತ್ತರ 27994681, ಒಂದು ಹೊನ್ನೂ ಉಳಿಯಲ್ಲ. ಯಾಕೆ ಉಳಿಯಲ್ಲ ಅನ್ನೋದೇ ಚೆಂದ. 111111ನ್ನ ಅದರಿಂದಲೇ ಗುಣಿಸಿದರೆ ಈ ಮಾಲೆ ಬರುತ್ತೆ. 111111 ಅಂದ್ರೆ 21 ಗುಣಿಸು 5291. 441 ಅನ್ನೋದು 21ರ ವರ್ಗ. ಹಾಗಾಗಿ ಒಬ್ಬೊಬ್ಬರ ಪಾಲು ಸರಿಯಾಗಿ 5291ರ ವರ್ಗ. ಮಾಲೆಯ ಅಂಕಿಗಳನ್ನೆಲ್ಲ ಕೂಡಿದರೆ 36, ಅದೂ 6ರ ವರ್ಗ.

ಇಂಥವು ಇನ್ನೂ ಇವೆ. 152207ನ್ನ 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. ಇಂಥ ಉತ್ತರಗಳನ್ನ ಅವರು ಕೊರಳ ಹಾರಕ್ಕೆ ಹೋಲಿಸ್ತಾರೆ.

ಎಡವಿದ್ದೂ ಇದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತೆ ಅಂದುಬಿಟ್ಟರು. ಅದು ತಪ್ಪು, ಈಗಿನ ಕ್ಯಾಲ್ಕುಲೇಟರೂ ಅಲ್ಲಿ ಎರರ್ ತೋರಿಸುತ್ತೆ. ಆದರೆ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದವರೂ ಇವರೇ. ಅಲ್ಲೂ ಮಷಿನ್ ಎರರ್ ಅನ್ನುತ್ತೆ, ಈ ಸಲ ಅವರ ಕಡೆಗೇ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನ ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಅದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕನ್ನಡ ಅನುವಾದದ ಜೊತೆ ಹೊಂಬುಜ ಜೈನ ಮಠ ಇದನ್ನ ಪ್ರಕಟಿಸಿದ್ದು 2000ದಲ್ಲಿ.